ಚೇಣಿಗೆ ಕೊಟ್ಟ ಮೇಲೆ ಮಂಡಿ ದರ ಕೇಳಬೇಡಿ

ಓದುಗರ ಪ್ರಶ್ನೆ, ನನ್ನ ಉತ್ತರ

ಸೆಪ್ಟೆಂಬರ್ ಬಂತು ಅಂದರೆ ನನಗೆ ಬರುವ ಕಾಗದಗಳ ಬಣ್ಣವೇ ಬದಲಾಗುತ್ತದೆ. ಅತ್ತೆ ಸೊಸೆ ಜಗಳ, ಆಸ್ತಿ ಪಾಲು ಎಲ್ಲಾ ಹಿಂದೆ ಸರಿಯುತ್ತವೆ. ಅಮೆರಿಕದ ದೊಡ್ಡ ವಿಶ್ವವಿದ್ಯಾಲಯಗಳಿಗೆ ಬೇಗ ಅರ್ಜಿ ಹಾಕಬೇಕೋ, ಎಲ್ಲರ ಜತೆ ಜನವರಿಯಲ್ಲಿ ಹಾಕಿದರೆ ಸಾಕೋ ಅನ್ನುವ ಪ್ರಶ್ನೆಗಳು ಮುಂದೆ ಬರುತ್ತವೆ. ಈ ಸಲ ಅಂಥ ನಾಲ್ಕು ಕಾಗದಗಳನ್ನು ಒಟ್ಟಿಗೆ ತೆಗೆದುಕೊಂಡಿದ್ದೇನೆ.

ಈ ಲೋಕ ಗೊತ್ತಿಲ್ಲದವರಿಗೆ ಮೊದಲು ಎರಡು ಮಾತು. ಬೇಗ ಹಾಕುವುದರಲ್ಲಿ ಎರಡು ಜಾತಿ. ಒಂದು ಅರ್ಲಿ ಡಿಸಿಷನ್. ಸಾಮಾನ್ಯವಾಗಿ ನವೆಂಬರ್ 1ರೊಳಗೆ ಒಂದೇ ಒಂದು ಕಾಲೇಜಿಗೆ ಹಾಕಬೇಕು, ಸೀಟು ಕೊಟ್ಟರೆ ಬಂದೇ ಬರುತ್ತೇನೆ ಅಂತ ಸಹಿ ಮಾಡಬೇಕು. ಡಿಸೆಂಬರ್ ನಡುವೆ ಉತ್ತರ ಬರುತ್ತದೆ. ಹೂಂ ಅಂದರೆ ಉಳಿದ ಅರ್ಜಿಗಳನ್ನೆಲ್ಲಾ ವಾಪಸ್ ತೆಗೆಯಬೇಕು. ಇನ್ನೊಂದು ಅರ್ಲಿ ಆಕ್ಷನ್. ಬೇಗ ಕೇಳುತ್ತೀರಿ, ಬೇಗ ಹೇಳುತ್ತಾರೆ, ಆದರೆ ಮೇ 1ರವರೆಗೆ ಯೋಚಿಸಲು ಬಿಡುತ್ತಾರೆ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಸ್ಟ್ಯಾನ್‌ಫರ್ಡ್‌ನವರದು ಇದರಲ್ಲೇ ಸ್ವಲ್ಪ ಬಿಗಿ. ಕಟ್ಟುಪಾಡು ಇಲ್ಲ, ಆದರೆ ಬೇರೆ ಖಾಸಗಿ ವಿಶ್ವವಿದ್ಯಾಲಯಕ್ಕೆ ಅದೇ ಹೊತ್ತಿಗೆ ಬೇಗ ಹಾಕುವ ಹಾಗಿಲ್ಲ.

ಇದನ್ನೆಲ್ಲಾ ಹೇಳಲು ನಾನು ಯಾರು ಅಂತ ಹೊಸ ಓದುಗರು ಕೇಳಬಹುದು. ನ್ಯೂಜೆರ್ಸಿಯ ಒಂದು ಸರ್ಕಾರಿ ಹೈಸ್ಕೂಲಿನ ಗೈಡೆನ್ಸ್ ಆಫೀಸಿನಲ್ಲಿ (ಮಕ್ಕಳ ಕಾಲೇಜು ಅರ್ಜಿ ನೋಡಿಕೊಳ್ಳುವ ಕಡೆ) 18 ವರ್ಷ ಗುಮಾಸ್ತೆಯಾಗಿದ್ದೆ. ಕೌನ್ಸೆಲರ್ ಅಲ್ಲ, ಕೌನ್ಸೆಲರುಗಳ ಕಾಗದಪತ್ರ ನೋಡಿಕೊಳ್ಳುವವಳು. ಅವರ ಕೋಣೆಯ ಬಾಗಿಲು ಹಾಕಿರುತ್ತಿತ್ತು. ಹಾಗಾಗಿ ಅಳುವವರು ಮೊದಲು ಅಳುತ್ತಿದ್ದುದು ನನ್ನ ಮೇಜಿನ ಮುಂದೆ.

ಪ್ರಶ್ನೆ: ಅಕ್ಕಾ, ನಮ್ಮದು ತೀರ್ಥಹಳ್ಳಿ ತಾಲ್ಲೂಕು, ನಾಲ್ಕು ಎಕರೆ ಅಡಿಕೆ ತೋಟ. ಒಬ್ಬಳೇ ಮಗಳು. ಮಂಗಳೂರಿನಲ್ಲಿ ಹಾಸ್ಟೆಲಿನಲ್ಲಿದ್ದು ಎರಡನೇ ಪಿಯುಸಿ ಓದುತ್ತಿದ್ದಾಳೆ. ಎಸ್ಸೆಸ್ಸೆಲ್ಸಿಯಲ್ಲಿ 618, ಸ್ಯಾಟ್‌ನಲ್ಲಿ (ಅಮೆರಿಕದ ಕಾಲೇಜು ಪ್ರವೇಶದ ಪರೀಕ್ಷೆ) 1600ಕ್ಕೆ 1520. ಬೆಂಗಳೂರಿನ ಕನ್ಸಲ್ಟೆಂಟ್ ಒಬ್ಬರು ಬ್ರೌನ್ ವಿಶ್ವವಿದ್ಯಾಲಯಕ್ಕೆ ಅರ್ಲಿ ಡಿಸಿಷನ್ ಹಾಕಿ, ಛಾನ್ಸ್ ಮೂರು ಪಟ್ಟು ಅನ್ನುತ್ತಾರೆ. ಆದರೆ ಫೈನಾನ್ಶಿಯಲ್ ಏಡ್ (ಕಾಲೇಜು ಕೊಡುವ ದುಡ್ಡಿನ ನೆರವು) ಕೇಳಬೇಡಿ, ಕೇಳಿದರೆ ಸೀಟು ಕೊಡುವುದಿಲ್ಲ, ಸೇರಿದ ಮೇಲೆ ನೋಡಿಕೊಳ್ಳೋಣ ಅನ್ನುತ್ತಾರೆ. ಎಲೆಚುಕ್ಕಿ ರೋಗದಿಂದ ಎರಡು ವರ್ಷದಿಂದ ಫಸಲು ಅರ್ಧಕ್ಕೆ ಇಳಿದಿದೆ. ತೋಟದ ಮೇಲೆ ಸಾಲ ಕೊಡುತ್ತೇವೆ ಅಂತ ಬ್ಯಾಂಕಿನವರು ಹೇಳಿದ್ದಾರೆ. ಸಹಿ ಹಾಕಲಾ?
(ಹೆಸರು ಬೇಡ, ತೀರ್ಥಹಳ್ಳಿ)

ಉತ್ತರ: ಹಾಕಬೇಡಿ. ಕನ್ಸಲ್ಟೆಂಟ್ ಹೇಳಿದ ರೀತಿಯಲ್ಲಂತೂ ಖಂಡಿತ ಬೇಡ.

ನಾನೂ ಕೊಪ್ಪದ ಕಡೆಯವಳು. ನಿಮಗೆ ಚೇಣಿ ಲೆಕ್ಕದಲ್ಲೇ ಹೇಳುತ್ತೇನೆ, ಬಯಲುಸೀಮೆಯ ಓದುಗರು ಬೇಜಾರು ಮಾಡಿಕೊಳ್ಳಬಾರದು. ಅಡಿಕೆ ಇನ್ನೂ ಮರದಲ್ಲಿರುವಾಗಲೇ ಫಸಲನ್ನು ಒಬ್ಬರಿಗೆ ಮಾತಾಡಿ ಕೊಟ್ಟುಬಿಡುವುದು ಚೇಣಿ. ಕೊಯ್ಯುವ ಆಳು ಹುಡುಕುವ ಚಿಂತೆ ಇಲ್ಲ, ಸುಲಿದು ಬೇಯಿಸಿ ಒಣಗಿಸುವ ರಗಳೆ ಇಲ್ಲ. ಆದರೆ ಆಮೇಲೆ ಮಂಡಿಯಲ್ಲಿ ದರ ಏರಿದರೆ ಸುಮ್ನೆ ನೋಡುತ್ತಾ ಕೂರಬೇಕು. ಒಂದು ವರ್ಷ ನಮ್ಮಪ್ಪ ದೀಪಾವಳಿಗೆ ಮುಂಚೆಯೇ ಚೇಣಿ ಮಾತಾಡಿದರು. ಸಂಕ್ರಾಂತಿ ಹೊತ್ತಿಗೆ ದರ ಎಲ್ಲಿಗೋ ಹೋಯಿತು. ಅಮ್ಮ ಒಂದು ವಾರ ಅಪ್ಪನ ಜತೆ ಮಾತು ಬಿಟ್ಟರು. ಚೇಣಿಯವನು ಮನೆಗೆ ಬಂದಾಗ ಅಪ್ಪ ಅವನಿಗೆ ಕಾಫಿ ಕೊಟ್ಟರು. ದರದ ಸುದ್ದಿ ಎತ್ತಲಿಲ್ಲ.

ಅರ್ಲಿ ಡಿಸಿಷನ್ ಕೂಡ ಇಂಥದ್ದೇ ವ್ಯವಹಾರ. ಬೇರೆ ಕಡೆ ಎಷ್ಟು ಕೊಡುತ್ತಾರೆ ಅಂತ ಕೇಳುವ ಹಕ್ಕನ್ನು ನೀವು ಬಿಟ್ಟುಕೊಡುತ್ತೀರಿ. ಈ ಹುಡುಗಿ ಬಂದೇ ಬರುತ್ತಾಳೆ ಅನ್ನುವ ನಿಶ್ಚಿಂತೆ ಅವರಿಗೆ ಸಿಗುತ್ತದೆ. ಅದಕ್ಕೆ ಬದಲಾಗಿ ಸೀಟಿನ ವಿಷಯದಲ್ಲಿ ಅವರು ಸ್ವಲ್ಪ ಕೈ ಸಡಿಲ ಮಾಡುತ್ತಾರೆ. ಹೀಗೆ ಬೆಲೆ ಹೋಲಿಸುವ ಅವಕಾಶವನ್ನೇ ಕಿತ್ತುಕೊಳ್ಳುತ್ತಾರೆ ಅಂತ 2025ರ ಆಗಸ್ಟ್‌ನಲ್ಲಿ ಮಸಾಚುಸೆಟ್ಸ್‌ನ ಕೋರ್ಟಿನಲ್ಲಿ ಮೂವತ್ತಕ್ಕೂ ಹೆಚ್ಚು ಕಾಲೇಜುಗಳ ಮೇಲೆ ಒಂದು ದಾವೆಯೂ ಬಿತ್ತು.

ಮೂರು ಪಟ್ಟು ಅನ್ನುವ ಮಾತು ಸುಳ್ಳಲ್ಲ. 2024ರಲ್ಲಿ ಬ್ರೌನ್ ಸೇರಿದ ತಂಡವನ್ನೇ ನೋಡಿ. ಅರ್ಲಿ ಡಿಸಿಷನ್ ಹಾಕಿದವರು 6,244 ಜನ, ಸೀಟು ಸಿಕ್ಕಿದ್ದು 898 ಜನಕ್ಕೆ. ನೂರಕ್ಕೆ 14. ಎರಡೂ ಸುತ್ತು ಸೇರಿ ಅರ್ಜಿ 48,881, ಸೀಟು 2,521. ಮೊದಲ ಸುತ್ತನ್ನು ಕಳೆದು ನೋಡಿದರೆ ಜನವರಿಯವರಿಗೆ ನೂರಕ್ಕೆ ನಾಲ್ಕೂ ಬರುವುದಿಲ್ಲ. ಲೆಕ್ಕ ನೋಡಿದವರಿಗೆ ಬಾಯಲ್ಲಿ ನೀರು ಬರುವುದು ಸಹಜ. ಆದರೆ ಆ 898ರಲ್ಲಿ ಯಾರು ಯಾರಿದ್ದಾರೆ ಅಂತಲೂ ಕೇಳಬೇಕು ಅಲ್ವಾ? ಕ್ರೀಡಾ ಕೋಚ್‌ಗಳು ಮೊದಲೇ ಆರಿಸಿಟ್ಟ ಆಟಗಾರರು ಈ ಸುತ್ತಿನಲ್ಲೇ ಬರುತ್ತಾರೆ. ಅಪ್ಪ ಅಮ್ಮ ಅದೇ ಕಾಲೇಜಿನಲ್ಲಿ ಓದಿದ ಮಕ್ಕಳೂ ಇಲ್ಲೇ ಜಾಸ್ತಿ. ಅವರನ್ನೆಲ್ಲಾ ಬದಿಗಿಟ್ಟರೂ ಬೇಗ ಹಾಕಿದವರಿಗೆ ಒಂದಿಷ್ಟು ಅನುಕೂಲ ಉಳಿಯುತ್ತದೆ, ಅದು ನಿಜ. ಹಾರ್ವರ್ಡಿನ ಇಬ್ಬರು ಪ್ರಾಧ್ಯಾಪಕರು ಇನ್ನೊಬ್ಬರ ಜತೆ ಸೇರಿ ಸಾವಿರಾರು ಅರ್ಜಿಗಳನ್ನು ಜಾಲಾಡಿ, ಬೇಗ ಹಾಕುವುದು ಸ್ಯಾಟ್‌ನಲ್ಲಿ ಸುಮಾರು 100 ಅಂಕ ಜಾಸ್ತಿ ಇದ್ದಷ್ಟೇ ಲಾಭ ಅಂತ 2003ರಲ್ಲಿ ತೋರಿಸಿದ್ದರು. ಲಾಭ ಇದೆ. ಕನ್ಸಲ್ಟೆಂಟ್ ಹೇಳಿದಷ್ಟು ಇಲ್ಲ.

ಈಗ ಏಡ್ ವಿಷಯ. ಇಲ್ಲಿ ನಿಮ್ಮನ್ನು ದಾರಿ ತಪ್ಪಿಸಿದ್ದಾರೆ. ಹೊರದೇಶದ ಮಕ್ಕಳು ದುಡ್ಡಿನ ನೆರವು ಕೇಳಿದ್ದಾರೋ ಇಲ್ಲವೋ ಅಂತ ನೋಡದೆ ಸೀಟು ತೀರ್ಮಾನಿಸುವ ಕಾಲೇಜುಗಳು ಬೆರಳೆಣಿಕೆಯಷ್ಟು. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆಮ್ಹರ್ಸ್ಟ್, ಡಾರ್ಟ್‌ಮತ್, ಬೌಡನ್ ಮುಂತಾದವು. 2025ರಲ್ಲಿ ಸೇರಿದವರಿಂದ ಬ್ರೌನ್ ಕೂಡ ಈ ಪಟ್ಟಿಗೆ ಬಂದಿದೆ. ಕಾರ್ನೆಲ್, ಕೊಲಂಬಿಯಾ, ಪೆನ್ (ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯ) ಇಂಥ ಕಡೆ ಹೊರದೇಶದವರು ಏಡ್ ಕೇಳಿದರೆ ಸೀಟಿಗೆ ಪೆಟ್ಟು ಬೀಳಬಹುದು. ಬ್ರೌನ್‌ನಲ್ಲಿ ಇಲ್ಲ. ನಿಮ್ಮ ಕನ್ಸಲ್ಟೆಂಟ್ ಹಳೆಯ ಪಂಚಾಂಗ ಇಟ್ಟುಕೊಂಡು ಮುಹೂರ್ತ ಹೇಳುತ್ತಿದ್ದಾರೆ.

ಸೇರಿದ ಮೇಲೆ ನೋಡಿಕೊಳ್ಳೋಣ ಅನ್ನುವುದು ಇನ್ನೂ ಅಪಾಯದ ಮಾತು. ಅರ್ಜಿ ಹಾಕುವಾಗ ಏಡ್ ಬೇಡ ಅಂದ ಹೊರದೇಶದ ವಿದ್ಯಾರ್ಥಿಗೆ ಆಮೇಲೆ ಕೇಳಲು ಬಹಳ ಕಡೆ ಅವಕಾಶವೇ ಇಲ್ಲ. ಇಂಥ ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ಫೀಸು, ಊಟ, ಕೋಣೆ ಎಲ್ಲಾ ಸೇರಿ ವರ್ಷಕ್ಕೆ 90,000 ಡಾಲರ್ ದಾಟಿದೆ. ಡಾಲರಿಗೆ 85 ರೂಪಾಯಿ ಅಂತ ಇಟ್ಟುಕೊಂಡರೂ ಮುಕ್ಕಾಲು ಕೋಟಿಗೆ ಮೇಲೆ. ನಾಲ್ಕು ವರ್ಷಕ್ಕೆ ಮೂರು ಕೋಟಿ. ಎಲೆಚುಕ್ಕಿ ತಿಂದು ಉಳಿದ ನಾಲ್ಕು ಎಕರೆಯ ಮೇಲೆ ಮೂರು ಕೋಟಿ ಸಾಲ ಹೊರಿಸಬಹುದೇ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ಅರ್ಲಿ ಡಿಸಿಷನ್‌ನಿಂದ ಹೊರಗೆ ಬರಲು ಒಂದೇ ಒಂದು ಮರ್ಯಾದೆಯ ಬಾಗಿಲು ಇದೆ. ಕೇಳಿದ ಏಡ್ ಸಾಲದೆ ಹೋದರೆ, ನಮ್ಮಿಂದ ಆಗುವುದಿಲ್ಲ ಅಂತ ಹೇಳಿ ಬಿಡುಗಡೆ ಪಡೆಯಬಹುದು. ಏಡನ್ನೇ ಕೇಳದೆ ಸಹಿ ಹಾಕಿದವರಿಗೆ ಆ ಬಾಗಿಲೂ ಇಲ್ಲ. ಕನ್ಸಲ್ಟೆಂಟ್ ನಿಮ್ಮಿಂದ ಮುಚ್ಚಿಸಲು ಹೊರಟಿರುವುದು ಅದನ್ನೇ.

ಹಾಗಾಗಿ ನಿಮಗಿರುವುದು ಎರಡು ದಾರಿ. ಮಗಳಿಗೆ ನಿಜವಾಗಿ ಬ್ರೌನ್ ಬೇಕಿದ್ದರೆ, ಏಡ್ ಕೇಳಿಯೇ ಅರ್ಲಿ ಡಿಸಿಷನ್ ಹಾಕಲಿ. ಇಲ್ಲದಿದ್ದರೆ ಯೇಲ್, ಪ್ರಿನ್ಸ್‌ಟನ್‌ನಂಥ ಕಟ್ಟುಪಾಡಿಲ್ಲದ ಕಡೆ ಬೇಗ ಹಾಕಲಿ, ಅಲ್ಲೂ ಏಡ್ ಕೇಳಲಿ. ಸಿಗುವುದು ಬಹಳ ಕಷ್ಟ, ಆದರೆ ಕೈ ಕಟ್ಟಿಕೊಂಡ ಹಾಗೆ ಆಗುವುದಿಲ್ಲ. ಜತೆಗೆ ಸಿಇಟಿ ಓದು ನಿಲ್ಲಿಸಬಾರದು.

ಇನ್ನು ಕಾಗದಪತ್ರ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲ, ಹಾಗಾಗಿ ನಿಮ್ಮ ಹತ್ತಿರ ಐಟಿ ರಿಟರ್ನ್ ಇರಲಿಕ್ಕಿಲ್ಲ. ಅಮೆರಿಕದ ಆಫೀಸಿನ ಗುಮಾಸ್ತೆಗೆ ಇದು ತಲೆಗೆ ಹೋಗುವುದಿಲ್ಲ. ನನ್ನ ಮಾತು ನಂಬಿ, ನಾನೇ ಅಂಥ ಗುಮಾಸ್ತೆ. ಮೂರು ವರ್ಷದ ಮಂಡಿ ಪಟ್ಟಿ, ಪಹಣಿ, ಸೊಸೈಟಿ ಸಾಲದ ಪಾಸ್‌ಬುಕ್, ತಹಶೀಲ್ದಾರರ ಆದಾಯ ಪ್ರಮಾಣಪತ್ರ ಎಲ್ಲಾ ಒಂದು ಕಡೆ ಇಡಿ. ಕನ್ನಡದಲ್ಲಿರುವುದನ್ನು ಇಂಗ್ಲಿಷಿಗೆ ಅನುವಾದ ಮಾಡಿಸಿ ನೋಟರಿ ಸಹಿ ಹಾಕಿಸಿ. ಎಲೆಚುಕ್ಕಿ ಅಂದರೆ ಏನು, ಫಸಲು ಎಷ್ಟಿತ್ತು ಎಷ್ಟಕ್ಕೆ ಬಂತು ಅಂತ ಅರ್ಧ ಪುಟದಲ್ಲಿ ಬರೆಯಿರಿ. ಏಡ್ ಕೇಳಲು ತುಂಬುವ ಸಿಎಸ್‌ಎಸ್ ಪ್ರೊಫೈಲ್ ಅನ್ನುವ ಫಾರಂನಲ್ಲಿ ತೋಟವನ್ನೂ ಆಸ್ತಿ ಅಂತ ಕೇಳುತ್ತಾರೆ. ಅಲ್ಲಿ ಮದುವೆ ಮನೆಯಲ್ಲಿ ಹೇಳುವ ಬೆಲೆ ಬರೆಯಬೇಡಿ.

ಪಿಯುಸಿ ಮಕ್ಕಳಿಗೆ ಇನ್ನೊಂದು ತೊಡಕು ಇದೆ. ಅವರು ಕೇಳುವುದು ಒಂಬತ್ತರಿಂದ ಹನ್ನೆರಡರವರೆಗಿನ ಅಂಕ. ನಮ್ಮಲ್ಲಿ ಅದು ಎರಡು ಸಂಸ್ಥೆಯಲ್ಲಿ ಹಂಚಿಹೋಗಿರುತ್ತದೆ. ಒಂಬತ್ತು, ಹತ್ತು ಹಳೆಯ ಹೈಸ್ಕೂಲಿನಲ್ಲಿ, ಪಿಯುಸಿ ಮಂಗಳೂರಿನಲ್ಲಿ. ಜತೆಗೆ ಇಬ್ಬರು ಮೇಷ್ಟ್ರ ಶಿಫಾರಸು ಪತ್ರ, ಪ್ರಿನ್ಸಿಪಾಲರ ವರದಿ. ದಸರಾ ರಜೆಗೆ ಮುಂಚೆ ಅವರನ್ನು ಹಿಡಿಯಿರಿ. ರಜೆ ಮುಗಿದ ಮೇಲೆ ಹೋದರೆ ಅವರಿಗೂ ಗಾಬರಿ, ನಿಮಗೂ ಗಾಬರಿ.

ಕೊನೆಗೆ ಒಂದು ಮಾತು, ತಪ್ಪು ತಿಳಿಯಬೇಡಿ. ಎರಡು ಪುಟ ಬರೆದಿದ್ದೀರಿ (ಇಲ್ಲಿ ಚಿಕ್ಕದು ಮಾಡಿ ಹಾಕಿದ್ದೇನೆ). ಮಗಳು ಏನು ಓದಬೇಕು ಅಂತಿದ್ದಾಳೆ ಅನ್ನುವುದು ಒಂದು ಸಾಲಿನಲ್ಲೂ ಇಲ್ಲ. ಬ್ರೌನ್‌ನಲ್ಲಿ ಎಲ್ಲರೂ ಓದಲೇಬೇಕಾದ ವಿಷಯಗಳ ಪಟ್ಟಿ ಇಲ್ಲ. 1969ರಲ್ಲಿ ವಿದ್ಯಾರ್ಥಿಗಳೇ ಹಟ ಹಿಡಿದು ಅದನ್ನು ತೆಗೆಸಿದರು. ಕೊಲಂಬಿಯಾದಲ್ಲಿ ತದ್ವಿರುದ್ಧ, ಎಲ್ಲರಿಗೂ ಒಂದೇ ಗಟ್ಟಿ ಪಠ್ಯ. ಯಾವುದು ಅವಳಿಗೆ ಒಗ್ಗುತ್ತದೆ? ಈ ಭಾನುವಾರ ಹಾಸ್ಟೆಲಿಗೆ ಫೋನ್ ಮಾಡಿದಾಗ ಬ್ರೌನ್ ಯಾಕೆ ಅಂತ ಒಮ್ಮೆ ಕೇಳಿ. ಅವಳ ಬಾಯಲ್ಲಿ ಕನ್ಸಲ್ಟೆಂಟರ ಮಾತೇ ಬಂದರೆ ನಿಮಗೆ ಉತ್ತರ ಸಿಕ್ಕಿತು.

ಪ್ರಶ್ನೆ: ಆಂಟಿ, ನಾನು ಬೆಂಗಳೂರಿನಲ್ಲಿ ಹನ್ನೆರಡನೇ ಕ್ಲಾಸ್. ಯೇಲ್‌ಗೆ ನವೆಂಬರ್‌ನಲ್ಲೇ ಹಾಕು ಅಂತ ಅಮ್ಮ. ಆಗಸ್ಟ್ ಸ್ಯಾಟ್‌ನಲ್ಲಿ 1430 ಬಂತು, ಅಕ್ಟೋಬರ್‌ನಲ್ಲಿ ಮತ್ತೆ ಬರೆಯುತ್ತೇನೆ. ಮಧ್ಯದಲ್ಲಿ ಅರ್ಧವಾರ್ಷಿಕ ಪರೀಕ್ಷೆ. ಪ್ರಬಂಧವನ್ನು ಆರು ಸಲ ಬರೆದು ಹರಿದಿದ್ದೇನೆ. ಬೇಗ ಹಾಕಿದರೆ ಜಾಸ್ತಿ ಛಾನ್ಸ್ ಅಂತಾರಲ್ಲ, ಹೇಗಾದರೂ ಮಾಡಿ ಹಾಕಿಬಿಡಲಾ? ಇಂಗ್ಲೆಂಡಿಗೂ ಹಾಕುವ ಆಸೆ ಇದೆ.
(17 ವರ್ಷ, ಜಯನಗರ)

ಉತ್ತರ: ಪುಟ್ಟಾ, ಜನವರಿಯವರೆಗೆ ಕಾಯಿ.

ಯೇಲ್‌ನ ಬೇಗದ ಸುತ್ತಿನಲ್ಲಿ ಕಟ್ಟುಪಾಡಿಲ್ಲ. ನೀನು ಬಂದೇ ಬರುತ್ತೀಯ ಅಂತ ಅವರಿಗೆ ಮಾತು ಕೊಡುವುದಿಲ್ಲ. ಹಾಗಾಗಿ ಅವರೂ ನಿನಗೆ ಕೈ ಸಡಿಲ ಮಾಡಬೇಕಾಗಿಲ್ಲ. 2024ರಲ್ಲಿ ಸೇರಲು ಬೇಗ ಹಾಕಿದ 7,856 ಜನರಲ್ಲಿ 709 ಜನರಿಗೆ ಸೀಟು ಕೊಟ್ಟರು. ನೂರಕ್ಕೆ ಒಂಬತ್ತು. ಎಲ್ಲಾ ಸೇರಿಸಿದರೆ ನೂರಕ್ಕೆ ನಾಲ್ಕಕ್ಕಿಂತ ಕಡಿಮೆ. ಆದರೆ ನವೆಂಬರ್‌ನಲ್ಲಿ ಹಾಕುವವರು ಅಂದರೆ ಹನ್ನೊಂದನೇ ಕ್ಲಾಸ್ ಮುಗಿಯುವುದರೊಳಗೆ ಸ್ಯಾಟ್ ಮುಗಿಸಿ, ಬೇಸಿಗೆಯಲ್ಲಿ ಪ್ರಬಂಧ ತಿದ್ದಿ ಇಟ್ಟವರು. ನೀನು ಓಡಬೇಕಾಗಿರುವುದು ಅವರ ಪಕ್ಕದಲ್ಲಿ, ಕಾಲಿಗೆ ಅರ್ಧವಾರ್ಷಿಕ ಪರೀಕ್ಷೆ ಕಟ್ಟಿಕೊಂಡು.

ನನ್ನ ಮೇಜಿನ ಮೇಲೆ ಅಕ್ಟೋಬರ್ 31ರ ರಾತ್ರಿ ಬರೆದ ಪ್ರಬಂಧಗಳ ಪ್ರತಿಗಳು ಬಂದು ಬೀಳುತ್ತಿದ್ದವು. ಓದದೆಯೇ ಗೊತ್ತಾಗುತ್ತಿತ್ತು. ಮೊದಲ ಪ್ಯಾರಾದಲ್ಲಿ ಅಜ್ಜಿ, ಕೊನೆಯ ಪ್ಯಾರಾದಲ್ಲಿ ಜಗತ್ತನ್ನು ಬದಲಿಸುವ ಪಣ. ನಡುವೆ ಮಗು ಎಲ್ಲೂ ಇರುತ್ತಿರಲಿಲ್ಲ. ನೀನು ಆರು ಸಲ ಹರಿದಿದ್ದೀಯ ಅಂದರೆ ನಿನಗೆ ಕಿವಿ ಚೆನ್ನಾಗಿದೆ ಅಂತ ಅರ್ಥ. ಏಳನೆಯದಕ್ಕೆ ಡಿಸೆಂಬರ್‌ವರೆಗೆ ಸಮಯ ಕೊಡು.

ಇಂಗ್ಲೆಂಡ್ ವಿಷಯ ಬೇರೆ. ಆಕ್ಸ್‌ಫರ್ಡ್, ಕೇಂಬ್ರಿಡ್ಜ್‌ಗೆ ಅಕ್ಟೋಬರ್ 15 ಗಡುವು, ಅಲ್ಲಿ ಬೇಗ ತಡ ಅನ್ನುವುದೇ ಇಲ್ಲ. ಎರಡರಲ್ಲಿ ಒಂದಕ್ಕೆ ಮಾತ್ರ ಹಾಕಬಹುದು. ಅಲ್ಲಿ ಅಜ್ಜಿಯ ಕತೆ ಬೇಡ, ನಿನ್ನ ವಿಷಯವನ್ನು ನೀನು ಎಷ್ಟು ಓದಿದ್ದೀಯ ಅಂತ ನೋಡುತ್ತಾರೆ. ಸ್ಯಾಟ್‌ಗೆ ಓದುತ್ತಾ ಇದನ್ನೂ ಮಾಡಲು ಆಗುತ್ತದಾ ಅಂತ ಅಮ್ಮನ ಜತೆ ಕೂತು ಕ್ಯಾಲೆಂಡರ್ ನೋಡು. ಅಮ್ಮನಿಗೆ ಈ ಪುಟ ತೋರಿಸು. ಬೈದರೆ ನನ್ನನ್ನೇ ಬೈಯಲಿ.

ಪ್ರಶ್ನೆ: ಮೇಡಂ, ನಾವು ಮೂಲ ಹಾಸನದವರು, 16 ವರ್ಷದಿಂದ ಎಡಿಸನ್‌ನಲ್ಲಿದ್ದೇವೆ. ಮಗ ಟ್ವೆಲ್ತ್ ಗ್ರೇಡ್, ಮಾರ್ಕ್ಸ್ ಎಲ್ಲಾ ಚೆನ್ನಾಗಿದೆ. ಪೆನ್‌ಗೆ ಅರ್ಲಿ ಡಿಸಿಷನ್ ಹಾಕೋ ಅಂದರೆ ರಟ್‌ಗರ್ಸ್ (ನಮ್ಮ ನ್ಯೂಜೆರ್ಸಿ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯ) ಸಾಕು ಅನ್ನುತ್ತಾನೆ. ಅವನ ಜತೆಯ ನಾಲ್ಕು ಜನ ಕನ್ನಡದ ಹುಡುಗರು ಎಲ್ಲೆಲ್ಲೋ ಐವಿ ಲೀಗ್‌ಗೆ (ಹಾರ್ವರ್ಡ್, ಯೇಲ್, ಪೆನ್ ಸೇರಿದ ಎಂಟು ಹಳೆಯ ಹೆಸರಾಂತ ವಿಶ್ವವಿದ್ಯಾಲಯಗಳ ಗುಂಪು) ಹಾಕುತ್ತಿದ್ದಾರೆ. ಇವನು ಫಾರಂಗೆ ಸಹಿ ಹಾಕದೆ ಕೂತಿದ್ದಾನೆ. ಅವನಿಗೆ ನಾಲ್ಕು ಬುದ್ಧಿಮಾತು ಹೇಳಿ.
(ಒಬ್ಬ ತಾಯಿ, ನ್ಯೂಜೆರ್ಸಿ)

ಉತ್ತರ: ಬುದ್ಧಿಮಾತು ಬಿಡಿ, ನಮ್ಮ ಮನೆಯ ಕತೆ ಹೇಳುತ್ತೇನೆ. ಈ ಅಂಕಣದಲ್ಲಿ ಇದನ್ನು ಇಷ್ಟು ವರ್ಷ ಬರೆದಿರಲಿಲ್ಲ.

2008ರ ಅಕ್ಟೋಬರ್. ಲೇಮನ್ ಬ್ರದರ್ಸ್ ಅನ್ನುವ ದೊಡ್ಡ ಬ್ಯಾಂಕು ಬಿದ್ದು ಇನ್ನೂ ತಿಂಗಳಾಗಿರಲಿಲ್ಲ. ನಮ್ಮವರು ಮ್ಯಾನ್‌ಹಟನ್‌ನ ಒಂದು ಬ್ಯಾಂಕಿಗೆ ಸಾಫ್ಟ್‌ವೇರ್ ಕೆಲಸ ಮಾಡುತ್ತಿದ್ದರು. ಮಗನಿಗೂ ನಿಮ್ಮ ಮಗನ ಹಾಗೆಯೇ ರಟ್‌ಗರ್ಸ್ ಸಾಕಿತ್ತು. ನನಗೆ ಸಾಲಲಿಲ್ಲ. ದಿನಾ ಆಫೀಸಿನಲ್ಲಿ ಬೇರೆಯವರ ಮಕ್ಕಳ ಅರ್ಲಿ ಫಾರಂಗಳನ್ನು ಜೋಡಿಸಿ ಜೋಡಿಸಿ, ನನ್ನ ಮಗನದೂ ಆ ಕಂತೆಯಲ್ಲಿ ಇರಬೇಕು ಅನ್ನಿಸಿಬಿಟ್ಟಿತ್ತು. ಆಗ ಹಾರ್ವರ್ಡ್, ಪ್ರಿನ್ಸ್‌ಟನ್‌ನಲ್ಲಿ ಬೇಗದ ಸುತ್ತೇ ಇರಲಿಲ್ಲ. ಇದರಿಂದ ಅನುಕೂಲಸ್ಥರ ಮಕ್ಕಳಿಗೇ ಇನ್ನಷ್ಟು ಅನುಕೂಲ ಆಗುತ್ತಿದೆ ಅಂತ 2006ರಲ್ಲಿ ನಿಲ್ಲಿಸಿದ್ದರು (2011ರಲ್ಲಿ ಮತ್ತೆ ಶುರು ಮಾಡಿದರು, ಅದು ಬೇರೆ ಮಾತು). ನಾನು ಬೇರೊಂದು ಹೆಸರಾಂತ ವಿಶ್ವವಿದ್ಯಾಲಯ ಹುಡುಕಿದೆ. ಹೆಸರು ಬೇಡ, ತಪ್ಪು ಅವರದಲ್ಲ.

ಮಗ ಊಟದ ಮೇಜಿನ ಹತ್ತಿರ ನಿಂತೇ ಸಹಿ ಹಾಕಿದ. ಒಂದು ಕೈಯಲ್ಲಿ ಇಡ್ಲಿ ತಟ್ಟೆ ಇತ್ತು. ಏನೂ ಅನ್ನಲಿಲ್ಲ. ಒಪ್ಪಿದ ಅಂದುಕೊಂಡೆ. ಡಿಸೆಂಬರ್‌ನಲ್ಲಿ ಸೀಟು ಬಂತು. ಜನವರಿಯಲ್ಲಿ ಕನ್ನಡ ಕೂಟದ ಸಂಕ್ರಾಂತಿ ಊಟದಲ್ಲಿ ಎಳ್ಳುಬೆಲ್ಲ ಕೊಟ್ಟವರಿಗೆಲ್ಲಾ ಕಾಲೇಜಿನ ಹೆಸರನ್ನೂ ಹೇಳಿದೆ. ತಿಂಗಳ ಕೊನೆಗೆ ನಮ್ಮವರ ಕೆಲಸ ಹೋಯಿತು.

ಕಾಲೇಜಿನ ಏಡ್ ಪತ್ರ ಹಳೆಯ ಸಂಬಳದ ಲೆಕ್ಕದಲ್ಲಿ ಬಂದಿತ್ತು. ಪರಿಸ್ಥಿತಿ ಬದಲಾಗಿದೆ ಅಂತ ಬರೆದೆವು, ಸ್ವಲ್ಪ ಏರಿಸಿದರು. ಸಾಲಲಿಲ್ಲ. ಆಗ ಬಿಡುಗಡೆ ಕೇಳಬಹುದಿತ್ತು. ಹೇಗೆ ಕೇಳಬೇಕು ಅಂತ ಎಷ್ಟೋ ತಾಯಂದಿರಿಗೆ ನಾನೇ ಹೇಳಿಕೊಟ್ಟಿದ್ದೆ. ನಾನು ಮಾತ್ರ ಕೇಳಲಿಲ್ಲ. ಯಾಕೆ ಅಂದರೆ ಎಳ್ಳುಬೆಲ್ಲ. ಊರಿಗೆಲ್ಲಾ ಹೇಳಿ ಆಗಿತ್ತು. ಮನೆಯ ಮೇಲೆ ಸಾಲ ತೆಗೆದೆವು. ಅದು ತೀರಿದ್ದು 2019ರಲ್ಲಿ.

ಮಗ ಒಂದು ಸಲವೂ ಆಡಿ ತೋರಿಸಿಲ್ಲ. ಹೋದ ವರ್ಷ ಮೈಸೂರಿಗೆ ಬಂದಿದ್ದಾಗ ನಾನೇ ಕೇಳಿದೆ, ಅಲ್ಲಿ ನಿನಗೆ ಸರಿ ಹೋಯಿತಾ ಅಂತ. "ಚೆನ್ನಾಗಿಯೇ ಇತ್ತಮ್ಮ. ನೀನು ಇದನ್ನ ಆವತ್ತು ಕೇಳಬೇಕಿತ್ತು" ಅಂದ. ಅಷ್ಟು ಹೇಳಿ ಕಾರಿಗೆ ಪೆಟ್ರೋಲ್ ಹಾಕಿಸಲು ಹೋದ.

ನಿಮ್ಮ ಫಾರಂನಲ್ಲಿ ಮೂರು ಸಹಿಗೆ ಜಾಗ ಇದೆ. ಹುಡುಗನದು, ನಿಮ್ಮದು, ಶಾಲೆಯ ಕೌನ್ಸೆಲರದು. ಮೂರನೆಯದನ್ನು ಯಾರೂ ಲೆಕ್ಕಕ್ಕೆ ಇಡುವುದಿಲ್ಲ. ಟುಲೇನ್ ವಿಶ್ವವಿದ್ಯಾಲಯಕ್ಕೆ ಒಬ್ಬ ವಿದ್ಯಾರ್ಥಿ ಮಾತು ಕೊಟ್ಟು ಹಿಂದೆ ಸರಿದ ಅಂತ, ಕೊಲರಾಡೊದ ಆ ಶಾಲೆಯ ಮಕ್ಕಳಿಗೆ ಒಂದು ವರ್ಷ ಅರ್ಲಿ ಡಿಸಿಷನ್ ಬಾಗಿಲನ್ನೇ ಹಾಕಿದರು. 2025ರ ಸುದ್ದಿ ಅದು. ಶಿಕ್ಷೆ ಆದದ್ದು ಮುಂದಿನ ವರ್ಷದ ಮಕ್ಕಳಿಗೆ. ಒಲ್ಲದ ಹುಡುಗನ ಕೈಯಲ್ಲಿ ಸಹಿ ಹಾಕಿಸುವ ಮುಂಚೆ ಇದನ್ನೂ ನೆನಪಿಡಿ.

ರಟ್‌ಗರ್ಸ್‌ಗೂ ನವೆಂಬರ್ 1ಕ್ಕೆ ಅರ್ಲಿ ಆಕ್ಷನ್ ಇದೆ, ಕಟ್ಟುಪಾಡಿಲ್ಲ. ಅಲ್ಲಿಗೆ ಅವನು ಖುಷಿಯಿಂದ ಹಾಕುತ್ತಾನೆ. ರಾಜ್ಯದವರಿಗೆ ಅಲ್ಲಿನ ಖರ್ಚು ಪೆನ್‌ನ ಅರ್ಧವೂ ಇಲ್ಲ. ನಿಮಗೆ ಪೆನ್ ಆಸೆ ಬಿಡದಿದ್ದರೆ ಜನವರಿಯಲ್ಲಿ ಮಾಮೂಲಿ ಸುತ್ತಿನಲ್ಲಿ ಹಾಕೋಣ ಅಂತ ಕೇಳಿ ನೋಡಿ, ಎರಡೂ ಕಡೆಯ ಲೆಕ್ಕ ಪಕ್ಕಪಕ್ಕದಲ್ಲಿ ಇಟ್ಟು ನೋಡಬಹುದು. ಏಡ್ ಕಳೆದು ನಿಮಗೆ ಬೀಳುವ ಖರ್ಚು ತೋರಿಸುವ ಪೆನ್‌ನ ನೆಟ್ ಪ್ರೈಸ್ ಕ್ಯಾಲ್ಕುಲೇಟರ್‌ನಲ್ಲಿ ನಿಮ್ಮ ಸಂಬಳ ಹಾಕಿ ಇವತ್ತು ರಾತ್ರಿಯೇ ನೋಡಿ, ಇಪ್ಪತ್ತು ನಿಮಿಷದ ಕೆಲಸ. ಅವನು ಸಹಿ ಹಾಕದೆ ಕೂತಿದ್ದಾನೆ ಅಂದಿರಲ್ಲ, ಅದೃಷ್ಟ ನಿಮ್ಮದು. ನಮ್ಮವನು ಹಾಕಿಬಿಟ್ಟ.

ಪ್ರಶ್ನೆ: ನಮಸ್ಕಾರ್ರಿ. ಹೋದ ವರ್ಷ ಡಿಸೆಂಬರಿನಾಗ ನನ್ನ ದೊಡ್ಡ ಮೊಮ್ಮಗಳಿಗೆ ಅಮೆರಿಕದ ಕಾಲೇಜಿನಿಂದ "ಡಿಫರ್" ಅಂತ ಬಂತು. ಫೇಲ್ ಆದಳೇನು ಅಂತ ಕೇಳಿದ್ರ ಮನಿಯಾಗ ಒಬ್ಬರೂ ಹೂಂ ಅನ್ನವಲ್ಲರು, ಹಾಂ ಅನ್ನವಲ್ಲರು. ಈ ವರ್ಷ ಸಣ್ಣಾಕಿ ಹಾಕ್ಲಿಕತ್ತಾಳ. ಡಿಫರ್ ಅಂದ್ರ ಏನ್ರಿ?
(ಅಜ್ಜ, ಧಾರವಾಡ)

ಉತ್ತರ: ರಾಯರೇ, ಫೇಲ್ ಅಲ್ಲ, ಪಾಸೂ ಅಲ್ಲ. ಅರ್ಜಿಯನ್ನು ಪಕ್ಕಕ್ಕೆ ತೆಗೆದಿಟ್ಟಿದ್ದಾರೆ, ಜನವರಿಯ ಅರ್ಜಿಗಳ ಜತೆ ಇನ್ನೊಮ್ಮೆ ನೋಡುತ್ತಾರೆ ಅಂತ ಅರ್ಥ. ಅರ್ಲಿ ಡಿಸಿಷನ್ ಹಾಕಿದ್ದರೆ ಕೊಟ್ಟ ಮಾತೂ ಅಲ್ಲಿಗೆ ಬಿಡುಗಡೆ, ಸೀಟು ಕೊಟ್ಟರೂ ಹೋಗಲೇಬೇಕು ಅಂತಿಲ್ಲ. ಆಮೇಲೆ ಮಾಡಬೇಕಾದ್ದು ಸ್ವಲ್ಪವೇ. ಅರ್ಧವಾರ್ಷಿಕ ಅಂಕಪಟ್ಟಿ ಕಳಿಸಬೇಕು, ಈಗಲೂ ಆಸಕ್ತಿ ಇದೆ ಅಂತ ಒಂದು ಚಿಕ್ಕ ಪತ್ರ ಬರೆಯಬೇಕು. ಸಣ್ಣವಳಿಗೂ ಹಾಗೇ ಆದರೆ ಭರತನಾಟ್ಯ, ಚೆಸ್ ಅಂತ ಸರ್ಟಿಫಿಕೇಟುಗಳ ಕಟ್ಟು ಕಳಿಸಲು ಮನೆಯವರನ್ನು ಬಿಡಬೇಡಿ. ಉಳಿದ ಕಾಲೇಜುಗಳ ಅರ್ಜಿಗಳನ್ನು ಡಿಸೆಂಬರ್ ಉತ್ತರ ಬರುವ ಮುಂಚೆಯೇ ಬರೆದಿಟ್ಟುಕೊಳ್ಳಲಿ. ಉತ್ತರ ಬಂದ ಮೇಲೆ ಜನವರಿ ಗಡುವಿಗೆ ಎರಡೇ ವಾರ ಉಳಿದಿರುತ್ತದೆ, ಅಳುತ್ತಾ ಪ್ರಬಂಧ ಬರೆಯಲು ಆಗುವುದಿಲ್ಲ.

ಇನ್ನೊಂದು ವಿಷಯ ನಿಮಗೇ ಹೇಳಬೇಕು. ಇವರಲ್ಲಿ ಹಲವರು ಉತ್ತರ ಹಾಕುವುದು ಅಲ್ಲಿಯ ಸಂಜೆ 7 ಗಂಟೆಗೆ. ಡಿಸೆಂಬರ್‌ನಲ್ಲಿ ಅದು ಧಾರವಾಡದಲ್ಲಿ ಬೆಳಗಿನ ಐದೂವರೆ, ಮಾರ್ಚ್ ಕೊನೆಗಾದರೆ ನಾಲ್ಕೂವರೆ. ಆ ಹೊತ್ತಿಗೆ ನೀವು ಎದ್ದೇ ಇರುತ್ತೀರಿ ಅಂದುಕೊಂಡಿದ್ದೇನೆ. ಅವಳ ಕೋಣೆಯ ಬಾಗಿಲು ಬಡಿಯಬೇಡಿ. ಚಹಾಕ್ಕೆ ನೀರಿಟ್ಟು ಅಡುಗೆ ಮನೆಯಲ್ಲೇ ಕೂತಿರಿ. ಏನು ಬಂದಿದ್ದರೂ ಅವಳೇ ಅಲ್ಲಿಗೆ ಬರುತ್ತಾಳೆ.